ಗೋಲ್ಡ್ ಕಾರ್ಡು ಕಳೆದವಳು

ಟಿಕೆಟ್ಟಿನ ಅಕ್ಷರ ಬದಲಿಸಿದವಳು ನಾನು, ಮಲ್ಲಣ್ಣ. ನಿಮ್ಮ ಕಣ್ಣು ತಪ್ಪಲಿಲ್ಲ, ನಿಮ್ಮ ಕಂಪ್ಯೂಟರೂ ಕೆಡಲಿಲ್ಲ. ಒಂದು ವರ್ಷ ಪೂರ್ತಿ, ಗೊತ್ತಿದ್ದೇ, ನನ್ನ ಗಂಡನ ಒಂದೊಂದು ವಿಮಾನದ ಟಿಕೆಟ್ಟನ್ನೂ ಕೆಳಗಿನ ದರ್ಜೆಗೆ ಇಳಿಸಿದೆ. ಅವರ ಗೋಲ್ಡ್ ಕಾರ್ಡು ಹೋಗಲಿ ಎಂದೇ ಇಳಿಸಿದೆ. ಅದು ಹೋದ ದಿನ ನನಗೆ ಸಂತೋಷವಾಯಿತು — ಹೊಟ್ಟೆ ತುಂಬಾ ಸಂತೋಷವಾಯಿತು.

ಕಾರ್ಡು ಕಳೆದದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮಾತಿನಲ್ಲಿ ಪಶ್ಚಾತ್ತಾಪ ಹುಡುಕುತ್ತ ಕೂರುವುದು ಬೇಡ. ಇವತ್ತು ಅವಕಾಶ ಸಿಕ್ಕರೆ ಇವತ್ತೂ ಕಳೆಯುತ್ತೇನೆ. ನಾನು ಬರೆಯಲು ಕೂತಿರುವುದು ಆಮೇಲೆ ಆದದ್ದರ ಬಗ್ಗೆ, ನಿಮಗೆ ಆದದ್ದರ ಬಗ್ಗೆ.

ಇದನ್ನು ಓದುವ ಉಳಿದವರಿಗೂ ತಿಳಿಯಬೇಕಲ್ಲ — ಮಲ್ಲಣ್ಣ ಧಾರವಾಡದ ಹತ್ತಿರದ ಅಮ್ಮಿನಬಾವಿ ಹಳ್ಳಿಯವರು. ನನ್ನ ಗಂಡ ಶ್ರೀಧರ ಮತ್ತು ಅವರು ಧಾರವಾಡದಲ್ಲಿ ಒಂದೇ ಕಾಲೇಜಿನಲ್ಲಿ ಓದಿದವರು, ಒಂದೇ ಖಾನಾವಳಿಯಲ್ಲಿ ಉಂಡವರು. ಶ್ರೀಧರರು ರಾಯಾಪುರದಲ್ಲಿ ವಾಲ್ವ್ ಮಾಡುವ ಕಾರ್ಖಾನೆ ಹಾಕಿದರು, ಮಲ್ಲಣ್ಣ ಹುಬ್ಬಳ್ಳಿಯಲ್ಲಿ ವಿಮಾನದ ಟಿಕೆಟ್ಟಿನ ಅಂಗಡಿ ಇಟ್ಟರು. ಈಗಿನವರು ಫೋನಿನಲ್ಲೇ ತಮ್ಮ ಟಿಕೆಟ್ ತಾವೇ ಒತ್ತಿಕೊಳ್ಳುತ್ತಾರೆ. ನಮ್ಮ ಕಡೆಯ ಕಾರ್ಖಾನೆಯವರಿಗೆ ಅದು ಇಂದಿಗೂ ಒಗ್ಗಿಲ್ಲ. ಅವರಿಗೆ ತಮ್ಮ ಮನುಷ್ಯ ಒಬ್ಬ ಬೇಕು. ಫೋನು ಮಾಡಿ ಊರು, ತಾರೀಖು ಹೇಳಿ ‘ಯಾವಾಗ್ಲೂ ಇದ್ದಂಗ’ ಎಂದರೆ ಮುಗಿಯಿತು. ಯಾವ ಸೀಟು, ಯಾವ ದರ್ಜೆ, ಎಲ್ಲ ಆ ಮನುಷ್ಯನ ತಲೆಯಲ್ಲಿರುತ್ತದೆ. ಶ್ರೀಧರರ ಮಟ್ಟಿಗೆ ಆ ಮನುಷ್ಯ ನೀವಾಗಿದ್ದಿರಿ.

ಆ ಕಾರ್ಡಿನ ಬಗ್ಗೆಯೂ ಹೇಳಬೇಕು. ಹೆಸರು ಗೋಲ್ಡ್, ವಸ್ತು ಪ್ಲಾಸ್ಟಿಕ್ಕು. ವರ್ಷವಿಡೀ ಹೆಚ್ಚು ಹಾರುವವರಿಗೆ ವಿಮಾನ ಕಂಪನಿ ಕೊಡುತ್ತದೆ. ಅದು ಇದ್ದವರಿಗೆ ಏರ್‌ಪೋರ್ಟಿನಲ್ಲಿ ಬೇರೆ ಸಾಲು, ಸಾಮಾನಿಗೆ ಹೆಚ್ಚು ತೂಕ, ಕೂತು ತಿನ್ನಲು ಮೆತ್ತನೆಯ ಕುರ್ಚಿಯ ಕೋಣೆ. ಮುಂದಿನ ದೊಡ್ಡ ಸೀಟು ಖಾಲಿ ಇದ್ದರೆ ಪುಕ್ಕಟೆ ಅಲ್ಲಿಗೆ ಬಡ್ತಿ. ಶ್ರೀಧರರು ಅದನ್ನು ಅಂಗಿಯ ಕಿಸೆಯಲ್ಲಿ, ತುದಿ ಹೊರಗೆ ಕಾಣುವಂತೆ ಇಡುತ್ತಿದ್ದರು. ಮದುವೆ ಮನೆಗೂ ಹಾಗೇ ಬರುತ್ತಿದ್ದರು.

ಒಮ್ಮೆ ಅವರ ಅಕ್ಕನ ಮಗನ ಮದುವೆಗೆ ದಿಲ್ಲಿಗೆ ಹೊರಟೆವು. ನಾನು ಮೊದಲ ಸಲ ಅವರ ಜೊತೆ ವಿಮಾನ ಹತ್ತಿದ್ದು. ಹತ್ತಿದ ಮೇಲೆ ಗೊತ್ತಾಯಿತು — ಅವರಿಗೆ ಬಡ್ತಿ ಸಿಕ್ಕಿದೆ, ನನಗಿಲ್ಲ. ‘ಒಬ್ಬರಿಗೇ ಅಂತಾರ, ಏನು ಮಾಡ್ಲಿ’ ಎಂದು ಮುಂದಕ್ಕೆ ಹೋದರು. ಹಿಂದೆ ಶೌಚಾಲಯದ ಹತ್ತಿರದ ಸೀಟಿನಲ್ಲಿ ನಾನು ಮತ್ತು ನನ್ನ ಅತ್ತೆ. ಅರ್ಧ ದಾರಿಯಲ್ಲಿ ಗಗನಸಖಿ ಬಂದು ಕಾಗದದಲ್ಲಿ ಸುತ್ತಿದ ಅರ್ಧ ತುಂಡು ಕೇಕು ಕೊಟ್ಟಳು, ಮುಂದಿನ ಸಾಹೇಬರು ಕಳಿಸಿದ್ದಾರೆ ಎಂದಳು. ಅರ್ಧ ತುಂಡು! ಅತ್ತೆ ಅದನ್ನೂ ನನಗೆ ಕೊಡದೆ ತಿಂದರು. ನಗು ಬರುತ್ತದೆ ಈಗ. ಆಗಲೂ ಸ್ವಲ್ಪ ಬಂದಿತ್ತು.

ಕೇಕಿಗಾಗಿ ನಾನು ಏನೂ ಮಾಡಲಿಲ್ಲ, ಮಲ್ಲಣ್ಣ. ಅಷ್ಟು ಹಗುರ ಹೆಂಗಸಲ್ಲ.

ಅದಾದ ವರ್ಷ ನನ್ನ ಗರ್ಭಚೀಲ ತೆಗೆಯಬೇಕೆಂದು ಡಾಕ್ಟರು ಹೇಳಿದರು. ತಿಂಗಳುಗಟ್ಟಲೆ ರಕ್ತ ಹೋಗಿ ಮೈಯಲ್ಲಿ ತ್ರಾಣವೇ ಉಳಿದಿರಲಿಲ್ಲ. ತಾರೀಖು ಗೊತ್ತಾಯಿತು, ನಾನು ಸೀರೆ, ಟವೆಲು ಎಲ್ಲ ಚೀಲಕ್ಕೆ ತುಂಬಿಟ್ಟೆ. ಆಗ ಶ್ರೀಧರರು ಪಡಸಾಲೆಯಲ್ಲಿ ನಿಂತು ಡಾಕ್ಟರಿಗೆ ಫೋನು ಮಾಡಿದರು. ‘ಒಂದು ವಾರ ಮುಂದ ಹಾಕಿದ್ರ ನಡೀತದಲ್ರೀ? ಅರ್ಜಂಟ್ ಕೆಲಸಕ್ಕ ಹೋಗಬೇಕಾಗೇದ.’ ಆ ಕಡೆಯಿಂದ ಏನು ಹೇಳಿದರೋ. ಇವರು ಫೋನು ಇಟ್ಟು ನನ್ನ ಕಡೆ ತಿರುಗಿ, ‘ನಡೀತದಂತ. ಒಂದು ವಾರ ಅಷ್ಟ ಅಲ್ಲ?’ ಎಂದರು. ಆಮೇಲೆ ನಿಮಗೆ ಫೋನು ಮಾಡಿದರು. ನಾನು ಅಲ್ಲೇ ಗೋಡೆಗೆ ಒರಗಿ ಕೂತಿದ್ದೆ, ಕೇಳಿಸಿತು. ವರ್ಷ ಮುಗಿಯುವುದರೊಳಗೆ ಇನ್ನೆರಡು ಸಲ ಹಾರಿದರೆ ಕಾರ್ಡು ಉಳಿಯುತ್ತದೆ, ಎಲ್ಲಿಗಾದರೂ ಸರಿ, ಹೋಗಿ ಬರುವುದನ್ನು ಹಾಕು ಎಂದರು.

ಎಲ್ಲಿಗಾದರೂ ಸರಿ —

ನಿಮಗೆ ನನ್ನ ಆಪರೇಷನ್ನಿನ ಸುದ್ದಿ ಗೊತ್ತಿರಲಿಲ್ಲ. ಗೊತ್ತಿದ್ದರೆ ನೀವು ಟಿಕೆಟ್ ತೆಗೆಯುತ್ತಿರಲಿಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ಅವರು ದಿಲ್ಲಿಗೆ ಹೋಗಿ ಅಲ್ಲಿನ ಮೆತ್ತನೆಯ ಕುರ್ಚಿಯಲ್ಲಿ ಕೂತು ಇಡ್ಲಿ ತಿಂದು ಬಂದರು. ಮರುದಿನ ಚೆನ್ನೈಗೆ ಹೋಗಿ ಬಂದರು. ಅವರು ಚೆನ್ನೈಯಲ್ಲಿದ್ದಾಗ ನಾನು ಬಚ್ಚಲಮನೆಯಲ್ಲಿ ಬಿದ್ದೆ. ಪಕ್ಕದ ಮನೆಯವರು ಎತ್ತಿ ಹಾಸಿಗೆಗೆ ಹಾಕಿದರು. ಸಂಜೆ ಇವರು ಬಂದವರು ನನ್ನ ಹಣೆ ಮುಟ್ಟಿ ನೋಡಿ, ಪಕ್ಕದಲ್ಲಿ ಕೂತು, ಬಹಳ ಪ್ರೀತಿಯಿಂದಲೇ ಹೇಳಿದರು — ‘ಚಿಂತಿ ಮಾಡಬ್ಯಾಡ ವಿಜಿ. ಕಾರ್ಡು ಉಳೀತು.’

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಮಾತು ಕೇಳಿ ನನಗೂ ಸಮಾಧಾನ ಆಗುತ್ತದೆ ಎಂದು ಅವರು ಖರೇ ನಂಬಿದ್ದರು. ಆಗಲೇ ನಾನು ನಿಶ್ಚಯ ಮಾಡಿದೆ, ಈ ಕಾರ್ಡು ಈ ಮನೆಯಲ್ಲಿ ಇರಬಾರದು.

ದಾರಿ ತೋರಿಸಿದವರು ನೀವೇ. ಆಪರೇಷನ್ ಆಗಿ ನಾನು ಓಡಾಡುವಂತಾದ ಮೇಲೆ ಒಂದು ರವಿವಾರ ಊಟಕ್ಕೆ ಬಂದಿರಿ. ವಿಮಾನ ಕಂಪನಿಯವರು ಕಾರ್ಡಿನ ನಿಯಮ ಬದಲಿಸಿದ್ದರ ಬಗ್ಗೆ ಅವರಿಗೆ ಹೇಳುತ್ತಿದ್ದಿರಿ. ‘ಶ್ರೀಧರ, ಇನ್ನ ಮ್ಯಾಲೆ ಎಷ್ಟು ದೂರ ಹಾರಿದಿ ಅನ್ನೂದು ಲೆಕ್ಕಕ್ಕಿಲ್ಲ. ಟಿಕೀಟಿನ ಮ್ಯಾಲೆ ಒಂದು ಇಂಗ್ಲಿಷ್ ಅಕ್ಷರ ಇರತೈತಲ್ಲ, ಅದನ್ನ ನೋಡತಾರ. ಅಗ್ಗದ ಟಿಕೀಟಿನ ಕೆಳಗಿನ ಅಕ್ಷರದಾಗ ನೀ ದಿನಾ ದಿಲ್ಲಿಗೆ ಹೋಗಿ ಬಂದ್ರೂ ಕಾರ್ಡಿಗೆ ಗೊತ್ತಾಗೂದಿಲ್ಲ.’ ‘ನನಗ್ಯಾಕೋ ಅವೆಲ್ಲ, ನೀ ಇದ್ದೀಯಲ್ಲ’ ಎಂದರು ಇವರು. ನಾನು ಅನ್ನಕ್ಕೆ ತುಪ್ಪ ಬಡಿಸುತ್ತಾ ಕೇಳಿಸಿಕೊಂಡೆ. ಅದೇ ವಿಮಾನ, ಅದೇ ಸೀಟು, ಅದೇ ನೀರಿನ ಬಾಟಲಿ. ಟಿಕೆಟ್ಟಿನ ಮೂಲೆಯಲ್ಲಿನ ಒಂದು ಅಕ್ಷರ ಬೇರೆಯಾದರೆ ಸಾಕು, ಕೂತವನಿಗೆ ಸುಳಿವೂ ಸಿಗುವುದಿಲ್ಲ.

ಮನೆಯಲ್ಲಿ ಕೂತು ಬೇಸರ, ಟಿಕೆಟ್ಟಿನ ಫೋನಾದರೂ ನಾನು ಮಾಡುತ್ತೇನೆ ಎಂದು ಅವರಿಗೆ ಹೇಳಿದೆ. ಸಂತೋಷದಿಂದ ಒಪ್ಪಿದರು. ಮೊದಲ ಸಲ ನಿಮಗೆ ಫೋನು ಹಚ್ಚಿದಾಗ ನನ್ನ ಧ್ವನಿ ಸ್ವಲ್ಪವೂ ನಡುಗಲಿಲ್ಲ. ‘ಮಲ್ಲಣ್ಣಾ, ಇನ್ನ ಮ್ಯಾಲೆ ಯಾವಾಗ್ಲೂ ಇದ್ದಂಗ ಬ್ಯಾಡ್ರಿ, ಎಲ್ಲಾದಕ್ಕಿಂತ ಕೆಳಗಿನ ಅಕ್ಷರ ಹಾಕ್ರಿ’ ಎಂದೆ. ‘ವೈನಿ, ಕಾರ್ಡು ಹೋಗತೈತ್ರಿ. ಶ್ರೀಧರಗ ಗೊತ್ತೈತೇನ್ರಿ?’ ಎಂದಿರಿ.

ಆಗ ನಾನು ಆಡಿದ ಮಾತು, ಅದೇ ನನ್ನ ಪಾಪ. ಉಳಿದದ್ದಲ್ಲ.

‘ಅವರೇ ಹೇಳ್ಯಾರ್ರಿ. ಫ್ಯಾಕ್ಟರಿ ಸ್ಥಿತಿ ನೆಟ್ಟಗಿಲ್ಲ. ನಿಮ್ಮ ಮುಂದ ಹೇಳ್ಲಿಕ್ಕೆ ಅವರಿಗೆ ನಾಚಿಕಿ. ನೀವೂ ಅವರ ಮುಂದ ಈ ಮಾತು ತಗೀಬ್ಯಾಡ್ರಿ.’

ಕಾರ್ಖಾನೆ ಚೆನ್ನಾಗಿಯೇ ನಡೆಯುತ್ತಿತ್ತು. ಬೇರೆ ಯಾವ ಸುಳ್ಳು ಹೇಳಿದ್ದರೂ ನೀವು ಗೆಳೆಯನಿಗೆ ಒಂದು ಮಾತು ಕೇಳುತ್ತಿದ್ದಿರಿ. ಈ ಸುಳ್ಳಿಗೆ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ವೈನಿ ಎಂದರೆ ಅತ್ತಿಗೆ, ಅವಳು ಹೇಳಿದ ಮೇಲೆ ತಿರುಗಿ ಅಣ್ಣನನ್ನು ಕೇಳುವುದೆಂದರೆ ವೈನಿಯ ಮಾತಿಗೆ ಬೆಲೆ ಇಲ್ಲ ಎಂದಂತೆ. ನಮ್ಮಲ್ಲಿ ಹಾಗೆ ಯಾರು ಕೇಳುತ್ತಾರೆ? ಅದರ ಮೇಲೆ ಗೆಳೆಯನ ಮಾನದ ಪ್ರಶ್ನೆ. ನಿಮ್ಮ ಒಳ್ಳೆಯತನವನ್ನು ಅಳೆದು ನೋಡಿ, ಸರಿಯಾಗಿ ಅದರ ಮೇಲೇ ಕಾಲಿಟ್ಟೆ.

ಎರಡು ವಾರಕ್ಕೆ ಅಮ್ಮಿನಬಾವಿಯಿಂದ ಒಂದು ಚೀಲ ಜೋಳ ಬಂತು. ‘ಈ ಸಲ ಬೆಳಿ ಛಲೋ ಬಂದೈತ್ರಿ ವೈನಿ, ಮನ್ಯಾಗ ಇಡಾಕ ಜಾಗಾ ಇಲ್ಲ’ ಎಂದು ನೀವೇ ಗಾಡಿಯಲ್ಲಿ ಹಾಕಿಕೊಂಡು ಬಂದು ಇಳಿಸಿದಿರಿ. ಹಿಂದಿನಿಂದ ಹೆಸರು, ಕಡಲೆ, ಒಂದು ಡಬ್ಬಿ ಬೆಣ್ಣೆ. ಶ್ರೀಧರರು ‘ಮಲ್ಯಾಗ ಹುಚ್ಚು ಹಿಡದದ’ ಎಂದು ನಕ್ಕರು. ನೀವು ಯಾಕೆ ತಂದಿರಿ ಎಂದು ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆ ಜೋಳದ ರೊಟ್ಟಿ ಬಡಿದೆ, ಅವರಿಗೆ ಹಾಕಿದೆ, ನಾನೂ ತಿಂದೆ. ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಸಿಕ್ಕಿಕೊಳ್ಳಲಿಲ್ಲ. ಜೋಳ ಬಹಳ ಚೆನ್ನಾಗಿತ್ತು.

ಇನ್ನೊಂದು ದಿನ ಕಾರ್ಖಾನೆಗೆ ಬಂದಿದ್ದ ನಾಲ್ಕು ಜನರ ಮುಂದೆ ಅವರು ನಿಮ್ಮನ್ನು ಕೇಳಿದರಂತೆ, ‘ಏನೋ ಮಲ್ಯಾ, ನನ್ನ ಕಾರ್ಡು ಗಟ್ಟಿ ಅದ ಇಲ್ಲೋ?’ ಎಂದು. ಗೆಳೆಯ ಜನರ ಮುಂದೆ ಮಾನ ಉಳಿಸಿಕೊಳ್ಳಲು ಕೇಳುತ್ತಿದ್ದಾನೆ ಎಂದುಕೊಂಡಿರಿ ನೀವು. ‘ಎಲ್ಲಾ ಬರೋಬ್ಬರಿ ಐತಿ, ನೀ ಚಿಂತಿ ಮಾಡಬ್ಯಾಡ’ ಎಂದಿರಿ. ಅವರ ಮರ್ಯಾದೆಗಾಗಿ ಆಡಿದ ಆ ಒಂದು ಮಾತು ಆಮೇಲೆ ನಿಮ್ಮ ಕುತ್ತಿಗೆಗೇ ಬಂತು.

ವರ್ಷ ಮುಗಿದು ಕಾರ್ಡು ಹೋಯಿತೆಂದು ಕಂಪನಿಯವರು ಕಾಗದ ಕಳಿಸಿದ್ದಾರು, ಮೇಲ್ ಕಳಿಸಿದ್ದಾರು. ಅವನ್ನೆಲ್ಲ ಓದುವ ಅಭ್ಯಾಸ ಇವರಿಗೆ ಇರಲಿಲ್ಲ. ಹುಬ್ಬಳ್ಳಿ ಏರ್‌ಪೋರ್ಟಿನಲ್ಲಿ ಒಂದು ಬೆಳಿಗ್ಗೆ, ಪುಣೆಯಿಂದ ಬಂದ ಗಿರಾಕಿಗಳನ್ನು ಕರೆದುಕೊಂಡು, ಕಾರ್ಡಿನವರ ಸಾಲಿಗೆ ಹೋಗಿ ನಿಂತರು. ಕೌಂಟರಿನ ಹುಡುಗಿ ಕಾರ್ಡು ತಿರುಗಿಸಿ ನೋಡಿ, ‘ಸರ್, ಇದು ಮುಗದೈತ್ರಿ. ಆ ಕಡೆ ಸಾಲಿಗೆ ಬರ್ರಿ’ ಎಂದಳಂತೆ. ಸಾಮಾನು ತೂಕ ಹೆಚ್ಚಾಗಿತ್ತು. ಎಲ್ಲರ ಮುಂದೆ ಸೂಟ್‌ಕೇಸು ಬಿಚ್ಚಿ ವಾಲ್ವಿನ ನಮೂನೆಗಳನ್ನು ಗಿರಾಕಿಗಳ ಕೈಗೆ ಕೊಡಬೇಕಾಯಿತು. ಅವರು ಇದನ್ನು ಹೇಳುವಾಗ ನಾನು ಕಾಯಿಪಲ್ಯ ಹೆಚ್ಚುತ್ತಿದ್ದೆ. ತಲೆ ಎತ್ತಲಿಲ್ಲ, ಎತ್ತಿದ್ದರೆ ಮುಖ ಕಾಣುತ್ತಿತ್ತು.

ನಿಮ್ಮನ್ನು ಮನೆಗೆ ಕರೆಸಿದರು. ನಾನು ಚಹಾ ತಂದಾಗ ಇವರು ನಿಂತಿದ್ದರು, ನೀವು ಕೂತಿದ್ದಿರಿ. ‘ಎಲ್ಲಾ ಬರೋಬ್ಬರಿ ಐತಿ ಅಂದಿದ್ಯಲ್ಲೋ! ವರ್ಷಪೂರ್ತಿ ಕೆಳಗಿನ ಅಕ್ಷರ ಹಾಕಿ, ನನ್ನ ಮಾರಿ ನೋಡಿ ಸುಳ್ಳು ಹೇಳಿದಿ!’

ನೀವು ‘ಶ್ರೀಧರ, ನೀನ ಅಲ್ಲೇನು —’ ಎಂದು ಶುರುಮಾಡಿದಿರಿ. ಅಲ್ಲಿಗೇ ನಿಲ್ಲಿಸಿ ನನ್ನ ಕಡೆ ನೋಡಿದಿರಿ. ಆ ಒಂದು ನೋಟದಲ್ಲಿ ನಿಮಗೆ ಎಲ್ಲ ತಿಳಿಯಿತು. ನಾನು ಹೇಳಲಿ ಎಂದು ಸ್ವಲ್ಪ ಹೊತ್ತು ಕಾದಿರಿ. ಅಷ್ಟು ಹೊತ್ತು ಸಾಕಿತ್ತು, ಹೇಳಬೇಕೆನ್ನುವವಳಿಗೆ. ನಾನು ತಟ್ಟೆಯಲ್ಲಿದ್ದ ಕಪ್ಪುಗಳನ್ನು ಸರಿಮಾಡಿದೆ.

‘ಹೌದಪಾ’ ಎಂದಿರಿ ನೀವು. ‘ನಂದ ತಪ್ಪು. ಅಕ್ಷರ ನೋಡಲಿಲ್ಲ.’

ಇವರು ಅಷ್ಟಕ್ಕೆ ಬಿಡಲಿಲ್ಲ. ‘ನನ್ನ ಕಾರ್ಡು ನಿನ್ನ ಕಣ್ಣಿಗೆ ಚುಚ್ಚತಿತ್ತು, ಅಷ್ಟ ಖರೇ. ಅಮ್ಮಿನಬಾವಿಯಿಂದ ಎತ್ತಿ ತಂದು ನಾಕ ಮಂದಿ ಸಾಲಿನ್ಯಾಗ ಕೂಡ್ರಿಸಿದ್ನಲ್ಲ, ಅದು ನನ್ನ ತಪ್ಪು’ ಎಂದರು. ಇದೇ ಮನೆಯಲ್ಲಿ, ನೀವು ತಂದ ಜೋಳ ಇನ್ನೂ ಡಬ್ಬಿಯಲ್ಲಿದ್ದ ಮನೆಯಲ್ಲಿ, ಆ ಮಾತು ಅಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ನೀವು ಚಹಾ ಪೂರ್ತಿ ಕುಡಿದು, ಕಪ್ಪನ್ನು ತಟ್ಟೆಯಲ್ಲಿಟ್ಟು, ‘ಬರತೇನ್ರಿ ವೈನಿ’ ಎಂದು ಹೇಳಿ ಹೋದಿರಿ. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಯಾಕೆ ಸುಮ್ಮನಿದ್ದೆ? ಗಂಡನ ಹೆದರಿಕೆ ಎಂದರೆ ಜನ ಒಪ್ಪಿಕೊಳ್ಳುತ್ತಾರೆ. ನನಗೆ ಅವರ ಹೆದರಿಕೆ ಎಂದೂ ಇರಲಿಲ್ಲ. ಗೆದ್ದಿದ್ದೆ ನಾನು, ಆ ಗೆಲುವನ್ನು ಕೆಡಿಸಿಕೊಳ್ಳುವ ಮನಸ್ಸಿರಲಿಲ್ಲ. ಅವರ ಸಿಟ್ಟಿಗೆ ಒಂದು ಜಾಗ ಬೇಕಿತ್ತು, ನೀವು ಸಿಕ್ಕಿರಿ, ನನಗೆ ಅನುಕೂಲವಾಯಿತು. ಇವತ್ತು ಬೇಡ, ಸಿಟ್ಟು ಇಳಿದ ಮೇಲೆ ಹೇಳಿದರಾಯಿತು, ಒಂದು ವಾರ ಹೋಗಲಿ ಎಂದುಕೊಂಡೆ. ಒಂದು ವಾರ ಅಷ್ಟೇ ಅಲ್ಲ — ಅವರು ನನಗೆ ಹೇಳಿದ ಮಾತನ್ನೇ ನಾನು ನಿಮಗೆ, ಮನಸ್ಸಿನಲ್ಲೇ, ಹೇಳಿದೆ. ಅವರ ಕಣ್ಣಿಗೆ ನನ್ನ ನೋವು ಹೇಗೆ ಮುಂದೆ ಹಾಕಬಹುದಾದ ವಸ್ತುವಾಗಿತ್ತೋ ನಿಮ್ಮ ಮಾನ ನನಗೆ ಹಾಗೇ ಆಯಿತು. ಇದು ಹೊಳೆದಾಗ ವರ್ಷಗಳೇ ಕಳೆದಿದ್ದವು.

ಅಷ್ಟರೊಳಗೆ ಇವರು ಊರೆಲ್ಲ ಹೇಳಿಕೊಂಡು ಬಂದಿದ್ದರು. ರಾಯಾಪುರದ ಕಾರ್ಖಾನೆಯವರೆಲ್ಲ ನಿಮ್ಮ ಹತ್ತಿರವೇ ಟಿಕೆಟ್ ತೆಗೆಸುತ್ತಿದ್ದವರು, ಒಬ್ಬೊಬ್ಬರಾಗಿ ಬಿಟ್ಟರು. ಅಕ್ಷರ ನೋಡದ ಮನುಷ್ಯನಿಗೆ ಟಿಕೆಟ್ ಯಾರು ಹೇಳುತ್ತಾರೆ? ನಿಮ್ಮ ಅಂಗಡಿ ಮುಚ್ಚಿತು. ಈಗ ನೀವು ಬೇರೆಯವರ ಬೋರ್ಡಿನ ಕೆಳಗೆ, ಮೂಲೆಯ ಮೇಜಿನಲ್ಲಿ ಕೂತು ಕೆಲಸ ಮಾಡುತ್ತೀರಿ ಎಂದು ಕೇಳಿದೆ. ನನ್ನ ಗಂಡನಿಗೆ ಬೇರೆ ಕಂಪನಿಯ ಬೆಳ್ಳಿ ಕಾರ್ಡು ಬಂತು. ಅದೂ ಪ್ಲಾಸ್ಟಿಕ್ಕೇ.

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಒಂದು ಮದುವೆಯ ಊಟ. ನಮ್ಮ ಮೇಜಿನಲ್ಲಿ ಎಲ್ಲ ರಾಯಾಪುರದ ಹಳೆಯ ಬಳಗ. ಯಾರೋ ಕಾಶಿಯಾತ್ರೆಗೆ ಟಿಕೆಟ್ ತೆಗೆಸಬೇಕು, ಮಲ್ಲಣ್ಣನಿಗೆ ಹೇಳಲೇ ಎಂದು ಕೇಳಿದರು. ‘ಬ್ಯಾಡೋ ಮಾರಾಯಾ, ಅವಂಗ ಅಕ್ಷರ ಕಾಣೂದಿಲ್ಲ. ಕಾಶಿಗಂತ ಹೊಂಟವರನ್ನ ಎಲ್ಲಿ ಇಳಸ್ತಾನೋ!’ ಎಂದರು ಶ್ರೀಧರರು. ಎಲ್ಲರೂ ನಕ್ಕರು.

ನಾನೂ ನಕ್ಕೆ, ಮಲ್ಲಣ್ಣ. ರೂಢಿಯ ಮೇಲೆ, ಎಲ್ಲರ ಜೊತೆ, ಹೋಳಿಗೆ ಕೈಯಲ್ಲಿ ಹಿಡಿದು ನಕ್ಕೆ. ನಕ್ಕ ಸದ್ದು ನನಗೇ ಕೇಳಿಸಿತು.

ಮರುದಿನ ಬೆಳಿಗ್ಗೆ ಅವಲಕ್ಕಿಯ ಪ್ಲೇಟು ಮುಂದಿಟ್ಟು ಅವರಿಗೆ ಎಲ್ಲವನ್ನೂ ಹೇಳಿದೆ. ಕೇಕಿನಿಂದ ಹಿಡಿದು, ಬಚ್ಚಲಮನೆಯಿಂದ ಹಿಡಿದು, ಒಂದನ್ನೂ ಬಿಡಲಿಲ್ಲ. ಅವರು ಪ್ಲೇಟನ್ನು ಬದಿಗೆ ಸರಿಸಿದರು. ಆಮೇಲೆ ಕೇಳಿದ ಮೊದಲ ಮಾತು, ‘ಅಂದ್ರ ನೀ ಹಂಗ ಮಾಡ್ಲಿಲ್ಲಂದ್ರ ಕಾರ್ಡು ಉಳೀತಿತ್ತು?’ ನಾನು ಹೌದೆಂದೆ. ಎರಡನೆಯದು, ‘ಇದು ಮನ್ಯಾಗ ಇರ್ಲಿ ವಿಜಿ. ಹೆಂಡತಿ ಹಿಂಗ ಮಾಡ್ಯಾಳಂತ ಗೊತ್ತಾದ್ರ ಮಂದಿ ನನ್ನ ನೋಡಿ ನಗತಾರ.’

‘ನಗ್ಲಿ’ ಎಂದೆ. ‘ಮಲ್ಲಣ್ಣನ್ನ ನೋಡಿ ಇಷ್ಟು ವರ್ಷ ನಕ್ಕಾರಲ್ಲ, ಈಗ ನಮ್ಮನ್ನ ನೋಡಿ ನಗ್ಲಿ.’

ಮನೆಯಲ್ಲಿ ಇರುವುದಿಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ. ಬರೆದರೆ ಸಾಲದು ಎಂದು ಆ ಮೇಜಿನಲ್ಲಿ ಕೂತು ನಕ್ಕವರ ಮನೆಗಳಿಗೆ ಒಂದೊಂದಾಗಿ ಹೋಗಲು ಶುರುಮಾಡಿದ್ದೇನೆ. ಮೊದಲು ಗೋಪನಕೊಪ್ಪದ ಸುನಂದಾ ಮನೆಗೆ ಹೋದೆ. ಅವಳ ಗಂಡನದೂ ರಾಯಾಪುರದಲ್ಲೇ ಕಾರ್ಖಾನೆ, ನಿಮ್ಮನ್ನು ಮೊದಲು ಬಿಟ್ಟವರೇ ಅವರು. ಸೋಫಾದ ತುದಿಯಲ್ಲಿ ಕೂತು ಎಲ್ಲ ಹೇಳಿದೆ. ಅವಳು ನಡುನಡುವೆ ‘ಹೌದೇನ್ರಿ, ಹೌದೇನ್ರಿ’ ಎನ್ನುತ್ತಾ ಕೇಳಿ, ಕೊನೆಗೆ ಚುರುಮರಿಯ ತಟ್ಟೆ ನನ್ನ ಕಡೆ ಸರಿಸಿದಳು. ‘ಅಯ್ಯ ವೈನಿ, ಅದ್ಯಾರಿಗೆ ನೆನಪದ್ರೀ ಈಗ. ತಗೋರಿ, ತಣ್ಣಗ ಚುರುಮರಿ ತಿನ್ರಿ.’ ಅವಳ ಗಂಡ ಪೇಪರಿನಿಂದ ತಲೆ ಎತ್ತಿ, ‘ಖರೇ, ಮಲ್ಲಣ್ಣನ ಕಡೆ ಯಾಕ ಬಿಟ್ವಿ ನಾವು? ಏನೋ ಆಗಿತ್ತು’ ಎಂದರು.

ಏನೋ ಆಗಿತ್ತು. ನಿಮ್ಮ ಅಂಗಡಿ ಮುಚ್ಚಿಸಿದವರಿಗೆ ಯಾಕೆ ಮುಚ್ಚಿಸಿದೆವು ಎಂಬುದೂ ನೆನಪಿಲ್ಲ.

ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತೆ. ಮೂಲೆಯಲ್ಲಿ ಓಡುತ್ತಿದ್ದ ಟಿವಿ ಆರಿಸಲು ಹೇಳಿದೆ. ಮೊದಲಿನಿಂದ, ಇನ್ನೊಮ್ಮೆ, ಈ ಸಲ ಜೋರಾಗಿ ಹೇಳಿದೆ — ತಪ್ಪು ಮಾಡಿದಾಕಿ ನಾನು, ಸುಳ್ಳು ಹೇಳಿದಾಕಿ ನಾನು, ಮಲ್ಲಣ್ಣನ ಕಣ್ಣು ನೆಟ್ಟಗದಾವ. ಅವರ ಬಾಯಿಂದ ಅದನ್ನು ಒಮ್ಮೆ ಹೇಳಿಸಿಯೇ ಹೊರಬಿದ್ದೆ. ಸುನಂದಾ ಇನ್ನು ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆಯಲಿಕ್ಕಿಲ್ಲ. ಕರೆಯದಿದ್ದರೆ ಬಿಡಲಿ.

ಇನ್ನೂ ಮನೆಗಳಿವೆ, ನಾಳೆ ಮುಂದಿನದು. ಎಲ್ಲ ಮುಗಿದ ಮೇಲೆ ನಿಮ್ಮ ಮನೆಗೆ ಬರುತ್ತೇನೆ. ಮಲ್ಲಣ್ಣ, ನೀವು ಎಂಥವರು ಎಂದು ನನಗೆ ಗೊತ್ತು, ಅದೇ ನನಗೆ ಭಯ. ಬೈಯಿರಿ, ಬಾಗಿಲು ಹಾಕಿಕೊಳ್ಳಿ, ಒಳಗೆ ಇದ್ದೂ ಇಲ್ಲವೆನ್ನಿಸಿರಿ, ನಾನು ಹೊರಗೇ ನಿಲ್ಲುತ್ತೇನೆ. ‘ಹೋಗ್ಲಿ ಬಿಡ್ರಿ ವೈನಿ’ ಎಂದು ಮಾತ್ರ ಅನ್ನಬೇಡಿ.